ಉಪ್ಪಿನಕಾಯಿ ಘಟಕದ ಸಾಲ ತೀರ್ತು, ಕೈ ಹಿಡದವರಿಗೆಲ್ಲಾ ಶರಣು

ಎಲ್ಲಾರಿಗೂ ಶರಣ್ರಿ. ಹೋದ ವಾರ ಬ್ಯಾಂಕಿನವ್ರು ನಮ್ಮ ಲಿಂಬಿಕಾಯಿ ಉಪ್ಪಿನಕಾಯಿ ಘಟಕದ ನೋ ಡ್ಯೂ ಸರ್ಟಿಫಿಕೇಟ್ ಕೊಟ್ರು. ನಾನೂ ನಮ್ಮ ನೆಗೆಣ್ಣಿನೂ ಕೂಡಿ ನಡಸೋ ಘಟಕ ಇದು, ಇಂಡಿ ತಾಲೂಕಿನ ಒಂದು ಸಣ್ಣ ಊರಾಗ, ಸುತ್ತಮುತ್ತ ಎಲ್ಲಾ ಲಿಂಬಿ ತ್ವಾಟಾನ. ಇದನ್ನ ಬರಿಯೋದಕ್ಕ ಕಾರಣ ಏನಂದ್ರ ನಮಗ ದಾರಿ ತೋರಿಸಿದ ಮಂದಿಯೊಳಗ ಒಬ್ಬರೂ ನಮ್ಮಿಂದ ಒಂದು ರೂಪಾಯಿ ತಗೊಂಡಿಲ್ಲ. ಅವರ ಹೆಸರು ಹಾಕಬ್ಯಾಡ ಅಂತ ಅವರ ಹೇಳ್ಯಾರ, ಹಂಗಾಗಿ ಹೆಸರು ಬರಿಯಂಗಿಲ್ಲ, ಆದ್ರ ಅವರು ಹೇಳಿಕೊಟ್ಟದ್ದು ಏನೈತಿ ಅದನ್ನಾರ ಇಲ್ಲಿ ಬರೀತೀನಿ. ನಮ್ಮಂಗ ಮನ್ಯಾಗ ಏನರ ಮಾಡಿ ಮಾರಬೇಕು ಅನ್ನೋ ಅಕ್ಕತಂಗ್ಯಾರಿಗೆ ಉಪಯೋಗ ಆದೀತು.

ಮೊದಲ್ನೇ ಶರಣು ಹಳ್ಳಿ ಮಂದಿಗೆ ಸ್ವಂತ ಉದ್ಯೋಗದ ತರಬೇತಿ ಕೊಡೋ ವಿಜಯಪುರದ ರುಡ್‌ಸೆಟ್ ಸಂಸ್ಥೆಗೆ. 1982ರಾಗ ಉಜಿರೆಯೊಳಗ ಶುರು ಆದ ಸಂಸ್ಥೆ ಅದು, ಧರ್ಮಸ್ಥಳದವರು ಮತ್ತ ಬ್ಯಾಂಕಿನವರು ಕೂಡಿ ಕಟ್ಟಿದ್ದು. ಈಗ ದೇಶದ ತುಂಬ ಜಿಲ್ಲಾಕ್ಕೊಂದು ಅನ್ನೋ ಹಂಗ ಆರ್‌ಸೆಟಿ ಅಂತ ಇದೇ ಮಾದರಿ ನಡಸ್ತಾರ. ತರಬೇತಿ ಪುಕ್ಕಟ, ಊಟ ಪುಕ್ಕಟ, ಇರಾಕ ಹಾಸ್ಟೆಲ್ ಪುಕ್ಕಟ. ಪುಕ್ಕಟ ಅಂದಕೂಡ್ಲೆ ನಮ್ಮ ಮಂದಿ ಏನೋ ಕಾಟಾಚಾರಕ್ಕ ಮಾಡ್ತಾರ ಅಂದ್ಕೋತಾರಲ್ಲ, ಇಲ್ಲಿ ಹಂಗಿಲ್ಲ, ಮುಂಜಾನಿಂದ ಸಂಜಿ ತನಕ ಕುಂದರಸ್ತಾರ. ನಮ್ಮ ನೆಗೆಣ್ಣಿ ಹೋಗಿದ್ಲು, ಮಕ್ಕಳನ್ನ ನಾ ನೋಡ್ಕೊಂಡೆ.

ಅಲ್ಲಿ ಅವರು ಕ್ಲಾಸಿನಾಗ ಪಾಠ ಮಾಡಿ ಬಿಡಲಿಲ್ಲ, ಕೈಯಾಗ ಒಂದು ನೋಟ್‌ಬುಕ್ ಕೊಟ್ಟು ಮಾರ್ಕೆಟ್ಟಿಗೆ ಕಳಿಸಿದ್ರು, ಹೋಗಿ ಅಂಗಡಿ ಅಂಗಡಿ ಕೇಳ್ಕೊಂಡು ಬರ್ರಿ, ನಿಮ್ಮ ಮಾಲು ಯಾರು ತಗೋತಾರ, ಎಷ್ಟು ಸೈಜು ತಗೋತಾರ, ಈಗ ಯಾರದ್ದು ತಗೋಳ್ಳಾಕತ್ತಾರ, ಬಿಲ್ ಎಷ್ಟು ದಿನಕ್ಕ ಕೊಡ್ತಾರ ಅಂತ. ನಮ್ಮ ನೆಗೆಣ್ಣಿ ಅಪರಿಚಿತ ಗಂಡಸರ ಮುಂದ ದನಿ ಎತ್ತಿ ಮಾತಾಡಿದಾಕೀನ ಅಲ್ಲ. ಆಕಿ ಸಂಜಿಗೆ ಬರಾಗ ಪುಟಗಟ್ಟಲೆ ಬರ್ಕೊಂಡು ಬಂದಿದ್ಲು. ಒಂದು ಕಿರಾಣಿ ಅಂಗಡಿಯ ಕಾಕಾ ಆಕಿಗೆ ಹೇಳಿದ್ರಂತ, "ತಂಗಿ, ಒಂದು ಕೆಜಿ ಬಾಟ್ಲಿ ಇಲ್ಲಿ ಯಾರೂ ಒಯ್ಯಂಗಿಲ್ಲ, ಎಲ್ಲಾರ ಮನ್ಯಾಗೂ ಅವ್ವ ಹಾಕಿದ್ದು ಇರ್ತೈತಿ. ಬೆಂಗಳೂರು ಪುಣೆಯಿಂದ ಬಂದ ಮಕ್ಕಳು ಹೊಳ್ಳಿ ಹೋಗಾಗ ಅರ್ಧ ಕೆಜಿ ಒಯ್ತಾರ ನೋಡು, ಅವರಿಗೆ ಮಾಡು" ಅಂತ. ನಮ್ಮ ಧಂದೆ ನಿಂತಿದ್ದು ಈ ಒಂದು ಮಾತಿನ ಮ್ಯಾಲ. ಆ ಕಾಕಾಗ ಇವತ್ತಿಗೂ ಪ್ರತಿ ಬ್ಯಾಚಿನ ಒಂದು ಬಾಟ್ಲಿ ಹೋಗ್ತೈತಿ.

ಎರಡ್ನೇದು ಹಿಟ್ಟಿನಹಳ್ಳಿ ಕೃಷಿ ವಿಜ್ಞಾನ ಕೇಂದ್ರದ ಮೇಡಂ. ಕೆವಿಕೆ ಅಂದ್ರ ಬರೇ ಬೀಜ ಗೊಬ್ಬರ ಅಂತ ನಾವು ತಿಳ್ಕೊಂಡಿದ್ವಿ, ಅಲ್ಲಿ ಹಣ್ಣು ಕಾಯಿಪಲ್ಲೆ ಕೆಡದಂಗ ಇಡೋದು, ಮೌಲ್ಯವರ್ಧನೆ, ಪ್ಯಾಕಿಂಗ್ ಎಲ್ಲಾ ಕಲಸ್ತಾರ. ಲಿಂಬಿ ಧಾರಣಿ ಹೆಂಗ ಅಂತ ನಿಮಗೆಲ್ಲಾ ಗೊತ್ತೈತಿ, ಬ್ಯಾಸಗಿಯೊಳಗ ಮುಗಿಲಿಗೆ ಹೋಗ್ತೈತಿ, ಮಳಿಗಾಲದಾಗ ಕಿತ್ತ ಕೂಲಿನೂ ಹುಟ್ಟಂಗಿಲ್ಲ ಅಂತ ಗಿಡದಾಗ ಬಿಡ್ತಾರ. ಮೇಡಂ ಹೇಳಿದ್ದು ಏನಂದ್ರ, ಧಾರಣಿ ಬಿದ್ದಾಗ ಕಾಯಿ ತಗೊಂಡು ಹೋಳು ಮಾಡಿ ಉಪ್ಪು ಹಾಕಿ ಫುಡ್ ಗ್ರೇಡ್ ಡ್ರಮ್ಮಿನಾಗ ತುಂಬಿಟ್ಟುಬಿಡ್ರಿ, ಆರ್ಡರ್ ಬಂದಾಂಗ ಅದರಾಗಿಂದ ತಗದು ಖಾರ ಮಸಾಲಿ ಕಲಸ್ರಿ, ಅಂದ್ರ ವರ್ಷ ಪೂರ್ತಿ ಒಂದ ರೇಟಿನಾಗ ಮಾಲು ಕೊಡಾಕ ಬರ್ತೈತಿ. ಡ್ರಮ್ಮಿನಾಗ ಹೋಳು ಉಪ್ಪುರಸದೊಳಗ ಮುಳುಗಿರಬೇಕು, ಮ್ಯಾಲ ತೇಲಿದ ಹೋಳಿಗೆ ಗಾಳಿ ತಾಗಿದ್ರ ಅಲ್ಲೇ ಬೂಸ್ಟು ಹಿಡೀತೈತಿ, ಅದಕ್ಕ ತಾಟು ಇಟ್ಟು ಭಾರ ಹೇರಬೇಕು, ಕೈ ಚಮಚ ಒದ್ದಿ ಇರಬಾರದು, ಡ್ರಮ್ಮಿನ ಮ್ಯಾಲ ತಾರೀಖು ಬರೀಬೇಕು. ಹೊಸ್ತನ್ನ ಹಿಂದಿಟ್ಟು ಹಳೇದನ್ನ ಮೊದಲ ತಗೀಬೇಕು. ನಮ್ಮ ಅತ್ತಿಯವರು ಇದನ್ನ ಕೇಳಿ "ನಮ್ಮ ಅವ್ವ ಬರಣಿಯೊಳಗ ಹಿಂಗ ಕಲ್ಲು ಇಡ್ತಿದ್ಲಲ್ಲ" ಅಂದ್ರು, ಹೌದು, ಬರಣಿಯೊಳಗ ಗೊತ್ತಿದ್ದದ್ದನ್ನ ಡ್ರಮ್ಮಿಗೆ ಹೆಂಗ ತರೋದು ಅನ್ನೋದನ್ನ ಮೇಡಂ ಕಲಿಸಿದ್ರು.

ಲೇಬಲ್ ತಿದ್ದಿ ಕೊಟ್ಟೋರೂ ಅವರ. ಸಾಮಾನು ಯಾವುದು ಹೆಚ್ಚು ಅದನ್ನ ಮೊದಲ ಬರೀಬೇಕು, ಹಂಗ ಇಳಿಕಿ ಕ್ರಮದಾಗ. ನಿವ್ವಳ ತೂಕ, ಮಾಡಿದ ತಾರೀಖು, ಎಷ್ಟು ತಿಂಗಳೊಳಗ ಬಳಸಬೇಕು, ಬ್ಯಾಚ್ ನಂಬರ್, ಹಸಿರು ಚುಕ್ಕಿ, ಎಮ್‌ಆರ್‌ಪಿ, ವಿಳಾಸ, ದೂರು ಹೇಳಾಕ ಒಂದು ಫೋನ್ ನಂಬರ್, ಮತ್ತ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರ್, ಅದು 14 ಅಂಕಿ ಇರ್ತೈತಿ. ನಾವು ಮಾಡಿಸಿದಾಗ ವರ್ಷಕ್ಕ 12 ಲಕ್ಷದೊಳಗ ವ್ಯಾಪಾರ ಇದ್ದೋರಿಗೆ ಬೇಸಿಕ್ ರಿಜಿಸ್ಟ್ರೇಶನ್ ಸಾಕಿತ್ತು, ಫೀಸು ವರ್ಷಕ್ಕ 100 ರೂಪಾಯಿ. ಇದಕ್ಕ ಸಾವಿರಗಟ್ಟಲೆ ಕೇಳೋರು ಅದಾರ, ಕೊಡಬ್ಯಾಡ್ರಿ. ಇನ್ನೊಂದು ಮಾತು, ಇಂಡಿ ಲಿಂಬಿಗೆ ಜಿಐ ಟ್ಯಾಗ್ (ಆ ಭಾಗದ ಮಾಲಿಗಷ್ಟ ಆ ಹೆಸರು ಅನ್ನೋ ಸರ್ಕಾರದ ಗುರುತು) ಬಂದೈತಿ ಅಂತ ಯಾರು ಬೇಕಾದವರು ಆ ಲೋಗೋ ಹಚ್ಚಂಗಿಲ್ಲ, ಅಧಿಕೃತ ಬಳಕೆದಾರ ಅಂತ ನೋಂದಣಿ ಮಾಡಿಸ್ಕೋಬೇಕು. ಇಂಡಿಯೊಳಗ ಲಿಂಬೆ ಅಭಿವೃದ್ಧಿ ಮಂಡಳಿ ಐತಿ, ಅಲ್ಲೇ ಹೋಗಿ ಕೇಳ್ರಿ.

ಇನ್ನ ಸಾಲದ ಮಾತು. ನಾವು 2022ರಾಗ ತಗೊಂಡಿದ್ದು ಪಿಎಂಎಫ್‌ಎಂಇ ಅನ್ನೋ ಯೋಜನೆಯೊಳಗ, ಸಣ್ಣ ಆಹಾರ ಘಟಕಕ್ಕಂತ ಇರೋದು, ಕರ್ನಾಟಕದಾಗ ಕೆಪೆಕ್ ಅನ್ನೋ ಸರ್ಕಾರಿ ನಿಗಮ ಅದನ್ನ ನೋಡ್ಕೋತಿತ್ತು. ಒಂದು ಜಿಲ್ಲಾ ಒಂದು ಉತ್ಪನ್ನ ಅಂತ ಅದರಾಗ ವಿಜಯಪುರಕ್ಕ ಲಿಂಬಿ, ಬಾಗಲಕೋಟಿಗೆ ಉಳ್ಳಾಗಡ್ಡಿ, ಬೆಳಗಾವಿಗೆ ಬೆಲ್ಲ. ಆಗ ಯೋಜನೆಯ ಸಬ್ಸಿಡಿ 35 ಪರ್ಸೆಂಟ್ ಇತ್ತು, ಅದರ ಮ್ಯಾಲ ನಮ್ಮ ರಾಜ್ಯದ್ದು ಹೆಚ್ಚಿಗಿ 15 ಪರ್ಸೆಂಟ್. ನಮ್ಮದು 6 ಲಕ್ಷದ ಪ್ರಾಜೆಕ್ಟ್, ಹೋಳು ಮಾಡೋ ಮಷೀನು, ಕಲಸೋ ಮಷೀನು, ಸೀಲಿಂಗ್ ಮಷೀನು, ಟೇಬಲ್ಲು. 60 ಸಾವಿರ ನಾವು ಹಾಕಿದ್ವಿ, 5 ಲಕ್ಷ 40 ಸಾವಿರ ಬ್ಯಾಂಕು ಕೊಡ್ತು, ಅದರಾಗ 3 ಲಕ್ಷ ಸಬ್ಸಿಡಿ, ಅಂದ್ರ ನಾವು ತೀರಿಸೋ ಅಸಲು 2 ಲಕ್ಷ 40 ಸಾವಿರ. ಆದ್ರ ಕೇಳ್ರಿ, ಸಬ್ಸಿಡಿ ರೊಕ್ಕ ಕೈಗೆ ಬರಂಗಿಲ್ಲ. ಬ್ಯಾಂಕಿನಾಗ ಬ್ಯಾರೇ ಖಾತೆಯೊಳಗ ಇರ್ತೈತಿ, ಅಷ್ಟರ ಮ್ಯಾಲ ಬಡ್ಡಿ ಹಚ್ಚಂಗಿಲ್ಲ, ಮೂರು ವರ್ಷ ಘಟಕ ನಡದಿರಬೇಕು, ಕಂತು ಸರಿಯಾಗಿ ಕಟ್ಟಿರಬೇಕು, ಆಮ್ಯಾಲ ಸಾಲಕ್ಕ ಜಮಾ ಆಗ್ತೈತಿ. ಇದನ್ನ ನಮಗ ಬಿಡಿಸಿ ಹೇಳಿದವರು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇದ್ದ ಒಬ್ಬ ಹುಡುಗ, ನಮ್ಮ ತಮ್ಮನ ವಯಸ್ಸಿನಾಂವ. ಪ್ರಾಜೆಕ್ಟ್ ರಿಪೋರ್ಟ್ ಬರೆದು, ಅರ್ಜಿ ಹಾಕಿ, ಬ್ಯಾಂಕಿಗೆ ನಮ್ಮ ಜೋಡಿ ಬಂದು ಕುಂತ. ಅವರ ಫೀಸು ಸರ್ಕಾರ ಕೊಡ್ತೈತಿ, ನಾವು ಕೊಡೋ ಹಂಗಿಲ್ಲ. ಈಗ ಅರ್ಜಿ ಹಾಕೋರು ಯೋಜನೆ ಚಾಲೂ ಐತೇನು, ಎಷ್ಟು ಪರ್ಸೆಂಟ್ ಐತಿ ಅಂತ ಜಿಲ್ಲಾ ಕೃಷಿ ಇಲಾಖೆ ಆಫೀಸಿನಾಗ ಕೇಳಿಕೊಂಡ ಮುಂದ ಹೋಗ್ರಿ.

ಲೆಕ್ಕ ಕಲಿಸಿದವರು ರುಡ್‌ಸೆಟ್‌ನ ಒಬ್ಬ ಸರ್. ತರಬೇತಿ ಮುಗದ ಮ್ಯಾಲೂ ಅವರು ಫೋನ್ ಮಾಡೋದು ಬಿಡಲಿಲ್ಲ, ಒಮ್ಮೆ ನಮ್ಮ ಶೆಡ್ಡಿಗೇ ಬಂದು ಗೋಣಿಚೀಲದ ಮ್ಯಾಲ ಕುಂತು ಒಂದು ಹಾಳಿ ತಗದ್ರು. ಖರ್ಚು ಕೂಡಿಸಿ ರೇಟ್ ಹಚ್ಚಬ್ಯಾಡ್ರಿ, ಎಮ್‌ಆರ್‌ಪಿಯಿಂದ ಹಿಂದಕ್ಕ ಬರ್ರಿ ಅಂದ್ರು. ಅರ್ಧ ಕೆಜಿ ಬಾಟ್ಲಿಗೆ ಗಿರಾಕಿ 120 ಕೊಡ್ತಾನ ಅಂದ್ರ, ಅಂಗಡಿಯಾಂವಗ 30 ಹೋತು, ಉಳದದ್ದು 90. ಸಾಗಾಟಕ್ಕ 8, ಉಳದದ್ದು 82. ಬಾಟ್ಲಿ, ಮುಚ್ಚಳ, ಲೇಬಲ್, ಬಾಕ್ಸ್ 17, ಉಳದದ್ದು 65. ಲಿಂಬಿಕಾಯಿ, ಉಪ್ಪು, ಖಾರ, ಎಣ್ಣಿ, ಮಸಾಲಿ 32, ಉಳದದ್ದು 33. ಗ್ಯಾಸು ಕರೆಂಟು 5, ಉಳದದ್ದು 28. ಕೂಲಿ 14. ಇಲ್ಲಿ ಪೆನ್ನು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿ, "ಈ ಕೂಲಿಯೊಳಗ ನಿಮ್ಮಿಬ್ಬರದೂ ಸೇರೈತೋ ಇಲ್ಲೋ, ಸೇರಿಸ್ರಿ ಅವ್ವಾ, ನಿಮ್ಮ ಕೈ ಪುಕ್ಕಟ ಅಲ್ಲ" ಅಂದ್ರು. ಉಳದ 14ರಾಗ ಒಡದದ್ದು, ಹೊಳ್ಳಿ ಬಂದದ್ದು, ಕಂತು, ಆಮ್ಯಾಲ ಲಾಭ. ಆ ಹಾಳಿ ಶೆಡ್ಡಿನ ಗ್ವಾಡಿಗೆ ಹಚ್ಚೀವಿ, ಖಾರದ ಧಾರಣಿ ಏರಿದಾಗೆಲ್ಲಾ ಪೆನ್ಸಿಲ್ಲಿಲೆ ತಿದ್ದತೀವಿ. ಮನ್ಯಾಗ ದುಡಿಯೋ ಹೆಣ್ಮಕ್ಕಳ ಕೂಲಿ ಲೆಕ್ಕಕ್ಕ ಬರಬೇಕು ಅಂತ ಒಬ್ಬ ಗಂಡಸು ಕುಂತು ಹೇಳಿದ್ದು ನಮಗ ಅದ ಮೊದಲು.

ಕಷ್ಟ ಬಂದದ್ದು ಆಮ್ಯಾಲ. ದೊಡ್ಡ ಊರಿನ ಒಂದು ಅಂಗಡಿಯವರು ದೀಪಾವಳಿಗೆ ದೊಡ್ಡ ಆರ್ಡರ್ ತಗೊಂಡ್ರು, ಮಾಲು ಮಾರಿ ಹೋದ್ರೂ ರೊಕ್ಕ ಬರಲಿಲ್ಲ, ಇವತ್ತು ನಾಳೆ ಅಂತ ಹೇಳಿ ಹೇಳಿ ಬ್ಯಾಸಗಿ ಬಂತು, ಇತ್ತ ಲಿಂಬಿ ಧಾರಣಿ ಏರಿತು, ಡ್ರಮ್ಮು ಖಾಲಿ ಆಗಾಕ ಬಂದ್ವು, ಕಂತಿನ ತಾರೀಖು ಯಾರಿಗೂ ನಿಲ್ಲಂಗಿಲ್ಲ. ಮೂರು ತಿಂಗಳು ಕಟ್ಟದಿದ್ರ ಖಾತೆ ಬ್ಯಾಂಕಿನ ಲೆಕ್ಕದಾಗ ಕೆಟ್ಟ ಸಾಲ, ಅಂದ್ರ ಎನ್‌ಪಿಎ ಆಗ್ತೈತಿ, ಎನ್‌ಪಿಎ ಆದ್ರ ಸಬ್ಸಿಡಿನೂ ಹೋಗ್ತೈತಿ. ನಮ್ಮ ಬ್ಯಾಂಕಿನ ಮ್ಯಾನೇಜರ್ ಅಕ್ಕಾರು ಮೊದಲ ಹೇಳಿದ್ರು, ಕಂತು ತಪ್ಪಿದ ಮ್ಯಾಲ ಬರಬ್ಯಾಡ್ರಿ, ತಪ್ಪತೈತಿ ಅನ್ನಿಸಿದಾಗ ಬರ್ರಿ ಅಂತ. ಹೋದ್ವಿ. ಬಾಗಲಾ ಹಾಕ್ಕೊಂಡು ಅರ್ಧ ತಾಸು ಕೇಳಿದ್ರು, ಮಾಲು ಎಷ್ಟೈತಿ, ಯಾರು ಎಷ್ಟು ಕೊಡಬೇಕು ಎಲ್ಲಾ ಬರ್ಕೊಂಡ್ರು, ಕಂತು ಹೆಂಗ ಹೊಂದಿಸಬೇಕು ಅಂತ ಹೇಳಿಕೊಟ್ರು, ಆಮ್ಯಾಲ ಪರಿಚಯದ ಒಬ್ಬ ಸಿಎ ಹತ್ರ ಕಳಿಸಿದ್ರು.

ಆ ಸಿಎ ಅಣ್ಣಾರು ಮೊದಲ ಕೇಳಿದ್ದು ಉದ್ಯಮ್ ರಿಜಿಸ್ಟ್ರೇಶನ್, ಅಂದ್ರ ಸಣ್ಣ ಉದ್ದಿಮೆಗೆ ಸರ್ಕಾರದ ನೋಂದಣಿ, ಐತೇನು ಅಂತ. ಇತ್ತು, ತರಬೇತಿಯೊಳಗ ಮಾಡಿಸಿದ್ರು. ಇದನ್ನ ದಯವಿಟ್ಟು ಎಲ್ಲಾರೂ ಮಾಡಿಸ್ರಿ, ಸರ್ಕಾರದ ಸೈಟಿನಾಗ ಆಧಾರ್ ನಂಬರಿನ ಮ್ಯಾಲ ಆಗ್ತೈತಿ, ಪೂರ್ತಿ ಪುಕ್ಕಟ, ಕಾಗದಪತ್ರ ಅಪ್‌ಲೋಡ್ ಮಾಡೋ ಕೆಲಸನೂ ಇಲ್ಲ. ಸರ್ಕಾರದ್ದಂಗ ಕಾಣೋ ಖಾಸಗಿ ಸೈಟು ಭಾಳ ಅದಾವ, ರೊಕ್ಕ ಕೇಳಿದ್ರ ಅಲ್ಲಿಂದ ಹೊರಗ ಬರ್ರಿ. ಈ ರಿಜಿಸ್ಟ್ರೇಶನ್ ಇದ್ದು ನೀವ ಮಾಡಿದ ಮಾಲು ಕೊಟ್ಟಿದ್ರ, 2006ರ ಸಣ್ಣ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆ ಪ್ರಕಾರ ತಗೊಂಡಾಂವ ಏನ ಒಪ್ಪಂದ ಮಾಡ್ಕೊಂಡ್ರೂ 45 ದಿನದೊಳಗ ರೊಕ್ಕ ಕೊಡಬೇಕು, ಬರದ ಒಪ್ಪಂದ ಇಲ್ಲಂದ್ರ 15 ದಿನದೊಳಗ. ತಡ ಆದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳಾ ಚಕ್ರಬಡ್ಡಿ. ಆಗ ಸಮಾಧಾನ್ ಅಂತ ಸರ್ಕಾರದ ಪೋರ್ಟಲ್ ಇತ್ತು, ಅಲ್ಲಿ ಅರ್ಜಿ ಹಾಕಿದ್ರ ಇಂಥಾ ತಕರಾರು ಬಗಿಹರಿಸೋ ಕೌನ್ಸಿಲ್ ಮುಂದ ಹೋಗ್ತಿತ್ತು. ಇನ್ನೊಂದು, 2024ರಿಂದ ಆದಾಯ ತೆರಿಗಿಯೊಳಗೂ ನಿಯಮ ಬಂದೈತಿ, ನಮ್ಮಂಥ ಸಣ್ಣ ಘಟಕದವ್ರಿಗೆ ಈ ಅವಧಿಯೊಳಗ ಕೊಡದಿದ್ರ ರೊಕ್ಕ ಕೊಡೋ ತನಕ ಆ ಬಿಲ್ಲನ್ನ ಮಾಲು ತಗೊಂಡವರು ತಮ್ಮ ಖರ್ಚಿನಾಗ ತೋರಿಸಾಕ ಬರಂಗಿಲ್ಲ.

ಅಣ್ಣಾರು ಇದನ್ನೆಲ್ಲಾ ಒಂದ ಪುಟದಾಗ, ಒಂದು ಕೆಟ್ಟ ಮಾತಿಲ್ಲದ, ಬಿಲ್ ನಂಬರ್ ತಾರೀಖು ಸಮೇತ ಬರದು ಕೊಟ್ರು, ರಿಜಿಸ್ಟರ್ ಪೋಸ್ಟ್ ಮಾಡಿದ್ವಿ. ಪೋರ್ಟಲ್ಲಿಗೆ ಹೋಗೋ ಪ್ರಸಂಗ ಬರಲಿಲ್ಲ, ಆ ಅಂಗಡಿಯವರು ಎರಡು ಸಲಕ್ಕ ಅಸಲು ಪೂರ್ತಿ ಹಾಕಿದ್ರು. ಬಡ್ಡಿ ನಾವು ಕೇಳಲಿಲ್ಲ. ಅಣ್ಣಾರಿಗೆ ಫೀಸು ಎಷ್ಟ್ರೀ ಅಂದ್ರ "ಊರಿಂದ ಬರಾಗ ಒಂದು ಬಾಟ್ಲಿ ತರ್ರಿ" ಅಂದ್ರು. ನಾನೂ ನೆಗೆಣ್ಣಿನೂ ಅವರ ಆಫೀಸಿನ ಪಾವಟಣಿಗಿ ಮ್ಯಾಲ ಕುಂತು ಅತ್ತೀವಿ ಅವತ್ತು, ಹೇಳಾಕ ನಾಚಿಕಿ ಇಲ್ಲ. ಈಗ ನಾವು ಹೊಸಾ ಅಂಗಡಿಗೆ ಮಾಲು ಕೊಡೋಕಿಂತ ಮೊದಲ ವಾಟ್ಸಾಪಿನಾಗಾದ್ರೂ ರೇಟು, ದಿನ ಬರಸ್ಕೋತೀವಿ, ಬಿಲ್ಲಿನ ಮ್ಯಾಲ ಉದ್ಯಮ್ ನಂಬರ್ ಛಾಪಿಸೀವಿ.

ಇನ್ನ ನೆಗೆಣ್ಣಿ ಮಗ, ಕಾಲೇಜಿಗೆ ಹೋಗೋ ಹುಡುಗ, ವಾಟ್ಸಾಪ್ ಬಿಸಿನೆಸ್ ಹಾಕಿ ಕ್ಯಾಟಲಾಗ್ ಮಾಡಿಕೊಟ್ಟ, ಗೂಗಲ್ ಮ್ಯಾಪಿನಾಗ ಶೆಡ್ಡು ಕೂಡಿಸಿದ, ಕಿಡಕಿ ಹತ್ರ ಬಿಳಿ ಅರಿವಿ ಹಾಸಿ ಫೋಟೋ ತಗದ, ಎಲ್ಲಾ ಪುಕ್ಕಟ. ಬೆಂಗಳೂರಿಗೆ ಸರ್ಕಾರಿ ಬಸ್ಸಿನ "ನಮ್ಮ ಕಾರ್ಗೋ" ಅನ್ನೋ ಪಾರ್ಸಲ್ ಸೇವಾದಾಗ ಬಾಕ್ಸ್ ಕಳಿಸಬಹುದು ಅಂತ ಹೇಳಿದ ವಿಜಯಪುರ ಡಿಪೋದ ಕಂಡಕ್ಟರ್ ಅಣ್ಣಾಗ, ಗಾಜಿನ ಬಾಟ್ಲಿ ಬ್ಯಾಡ ಪೌಚಿನಾಗ ಕಳಸ್ರಿ ಅಂತ ಪ್ರತಿ ಪಾರ್ಸಲ್ ಎತ್ತಿ ಅಲ್ಲಾಡಿಸಿ ನೋಡೋ ನಮ್ಮೂರ ಪೋಸ್ಟಿನ ಅಕ್ಕಾಗ ಶರಣು. ನಮ್ಮ ಜೋಡಿ ದುಡಿಯೋ ನಾಲ್ಕು ಮಂದಿ ಅಕ್ಕತಂಗ್ಯಾರು, ರೊಕ್ಕ ಸಿಕ್ಕಿಬಿದ್ದ ಆ ಬ್ಯಾಸಗಿಯೊಳಗ ಪಗಾರ ತಡ ಆದ್ರೂ ಒಬ್ಬಾಕಿನೂ ಬಿಟ್ಟು ಹೋಗಲಿಲ್ಲ, ಅವರ ಋಣ ಹೆಂಗ ತೀರಸ್ತೀನಿ ಗೊತ್ತಿಲ್ಲ. ಸಾಲ ತೀರಿದ ತಿಂಗಳಿಂದ ಅವರ ಪಗಾರ ಏರಿಸೀವಿ, ಗ್ವಾಡಿ ಮ್ಯಾಲಿನ ಹಾಳಿಯೊಳಗ ಕೂಲಿ 14 ಇದ್ದದ್ದು ಈಗ 17 ಆಗೈತಿ.

ಸಂಕ್ರಮಣಕ್ಕ ವಿಜಯಪುರದ ಸಿದ್ಧೇಶ್ವರ ಜಾತ್ರ್ಯಾಗ ಸ್ಟಾಲ್ ಹಾಕ್ತೀವಿ. ಏನರ ಶುರು ಮಾಡಬೇಕು ಅಂತ ಇದ್ದೋರು ಬರ್ರಿ, ಉಪ್ಪಿನಕಾಯಿ ತಗೋಳ್ಳಿಲ್ಲಂದ್ರೂ ನಡೀತೈತಿ. ಲೆಕ್ಕದ ಹಾಳಿ, ಲೇಬಲ್ಲು, ಆ ಅಂಗಡಿಯವರಿಗೆ ಬರದ ಪತ್ರದ ನಕಲು ಎಲ್ಲಾ ಒಂದು ಫೈಲಿನಾಗ ಇಟ್ಕೊಂಡು ಬರ್ತೀನಿ, ಹೆಸರು ಮುಚ್ಚಿ ಕೊಡ್ತೀನಿ, ಫೋಟೋ ತಗೊಂಡು ಹೋಗ್ರಿ.