ಸಹಿ ಹಾಕುವ ಮೊದಲು ಕೇಳು, ಸುಮಾ

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪಿತ್ತಕೋಶದ ಕಲ್ಲಿಗೆ ಆಪರೇಷನ್ ನಿಗದಿಯಾಗಿದೆ ಎಂದು ನಿನ್ನಮ್ಮ ಫೋನ್ ಮಾಡಿದ್ದಳು. "ಡಾಕ್ಟರು ಹೇಳಿದ ಹಾಗೆ ಕೇಳಿಕೊಂಡು ಸುಮ್ನೆ ಇದ್ದರಾಯಿತು" ಎಂದಳು. ಅದಕ್ಕೇ ಈ ಪತ್ರ. ವಾರ್ಡಿನಲ್ಲಿ ನರ್ಸಾಗಿ ಜೀವನ ಕಳೆದವಳು ನಾನು. ತಂಗಿಯ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಡಾಕ್ಟರ ಮಾತು ಕೇಳಬೇಕು, ನಿಜ. ಡಾಕ್ಟರೂ ನಿನ್ನ ಮಾತು ಕೇಳಬೇಕಲ್ವಾ? ನೀನು ಬಾಯಿ ಬಿಡದೆ ಅವರು ಏನನ್ನು ಕೇಳುತ್ತಾರೆ?

ಆಪರೇಷನ್‌ಗೆ ಮುಂಚೆ ಒಪ್ಪಿಗೆ ಪತ್ರ ಅಂತ ಒಂದು ಹಾಳೆ ಕೊಡುತ್ತಾರೆ. ಕೊರಿಯರ್ ಬಂದಾಗ ಹಾಕುವ ಸಹಿಯ ಹಾಗೆ ತುಂಬಾ ಜನ ಅದಕ್ಕೂ ಸಹಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ನೀನು ಹಾಗೆ ಮಾಡಬೇಡ. ಆ ಹಾಳೆಗಿಂತ ಅದಕ್ಕೆ ಮುಂಚಿನ ಮಾತುಕತೆ ದೊಡ್ಡದು. ಏನು ಮಾಡುತ್ತೀರಿ, ಯಾರು ಮಾಡುತ್ತೀರಿ, ಏನು ತೊಂದರೆ ಆಗಬಹುದು, ಬೇರೆ ದಾರಿ ಇದೆಯಾ, ಮಾಡಿಸದೇ ಬಿಟ್ಟರೆ ಏನಾಗುತ್ತೆ, ಇಷ್ಟನ್ನೂ ಕೇಳು. ನಿನ್ನ ಆಪರೇಷನ್ ಸಣ್ಣ ತೂತುಗಳಿಂದ ಶುರುವಾಗುತ್ತೆ. ಒಳಗೆ ಸರಿಯಾಗಿ ಕಾಣದಿದ್ದರೆ ಹೊಟ್ಟೆ ತೆರೆದು ಮುಂದುವರಿಸಬೇಕಾಗಬಹುದು. ಅಪರೂಪಕ್ಕೆ ಪಿತ್ತನಾಳಕ್ಕೆ ಪೆಟ್ಟಾಗುವುದೂ ಉಂಟು. ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಂಡವರಿಗೆ ಎಚ್ಚರವಾದಾಗ ಹೊಟ್ಟೆಯ ಮೇಲೆ ದೊಡ್ಡ ಗಾಯ ಕಂಡರೂ ಮೋಸ ಹೋದೆವು ಅನ್ನಿಸುವುದಿಲ್ಲ.

ನೀನು ಹಾಡುವವಳು ಬೇರೆ. ಅರಿವಳಿಕೆ ಕೊಟ್ಟಾಗ ಗಂಟಲಿನೊಳಗೆ ಉಸಿರಾಟದ ಟ್ಯೂಬ್ ಹಾಕುತ್ತಾರೆ. ಆಮೇಲೆ ಕೆಲವು ದಿನ ದನಿ ಒಡೆದಂತಿರಬಹುದು, ಅಪರೂಪಕ್ಕೆ ಜಾಸ್ತಿ ದಿನವೂ ಹಿಡಿಯಬಹುದು. ಬೇರೆಯವರಿಗೆ ಅದು ಲೆಕ್ಕಕ್ಕಿಲ್ಲ, ನಿನಗೆ ಲೆಕ್ಕಕ್ಕಿದೆ. ಅರಿವಳಿಕೆ ಡಾಕ್ಟರು ನೋಡಲು ಬಂದಾಗ ಮೊದಲು ಇದನ್ನೇ ಹೇಳು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮಾಂಟ್ಗೊಮೆರಿ ಎಂಬ ತಾಯಿಯ ಕೇಸಿನಲ್ಲಿ ಇದೇ ಅರ್ಥದ ತೀರ್ಪು ಕೊಟ್ಟಿತು. ಯಾವ ಅಪಾಯವನ್ನು ತಿಳಿಸಬೇಕು ಅನ್ನುವುದನ್ನು ಡಾಕ್ಟರುಗಳ ರೂಢಿಯಿಂದ ಅಳೆದರೆ ಸಾಲದು, ಎದುರಿಗಿರುವ ಆ ರೋಗಿಗೆ ಯಾವುದು ಮುಖ್ಯ ಎಂದು ನೋಡಬೇಕು ಅಂತ.

ಇದರ ಬೇರು ಇನ್ನೂ ಹಳೆಯದು. 1914ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕಾರ್ಡೋಜೊ, ವಯಸ್ಸಿಗೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ಪ್ರತಿಯೊಬ್ಬರಿಗೂ ತಮ್ಮ ಮೈಗೆ ಏನಾಗಬೇಕೆಂದು ತೀರ್ಮಾನಿಸುವ ಹಕ್ಕಿದೆ ಎಂದು ಬರೆದರು. ಬರೀ ಪರೀಕ್ಷೆಗೆ ಒಪ್ಪಿ, ಆಪರೇಷನ್ ಬೇಡ ಎಂದಿದ್ದ ಹೆಂಗಸಿನ ಗಡ್ಡೆ ತೆಗೆದಿದ್ದರು, ಅದರ ಕೇಸು. ಕೊನೆಗೆ ಆ ಹೆಂಗಸೇ ಸೋತಳು ಅನ್ನುವುದು ಬೇರೆ ಮಾತು! ಕಾರ್ಡೋಜೊ ಬರೆದ ಮಾತು ಮಾತ್ರ ಉಳಿಯಿತು.

ಸಹಿ ಹಾಕಿದ ಮೇಲೂ ಮನಸ್ಸು ಬದಲಾದರೆ ಬೇಡ ಅನ್ನಬಹುದು. ಪ್ರಜ್ಞೆ ಇಲ್ಲದೆ ಜೀವಕ್ಕೆ ಅಪಾಯ ಇರುವಾಗ ಮಾತ್ರ ಒಪ್ಪಿಗೆಗೆ ಕಾಯದೆ ಚಿಕಿತ್ಸೆ ಕೊಡುತ್ತಾರೆ, ಅದು ಸರಿಯೂ ಹೌದು. ವಿಶ್ವ ವೈದ್ಯಕೀಯ ಸಂಘ 1981ರಲ್ಲಿ ಲಿಸ್ಬನ್‌ನಲ್ಲಿ ರೋಗಿಗಳ ಹಕ್ಕುಗಳ ಘೋಷಣೆ ಹೊರಡಿಸಿತು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು, ಚಿಕಿತ್ಸೆ ನಿರಾಕರಿಸುವುದು, ನಿನ್ನ ಕಾಯಿಲೆಯ ವಿಷಯ ಗುಟ್ಟಾಗಿ ಇರುವುದು ಎಲ್ಲ ಅದರಲ್ಲಿದೆ. ವಿದ್ಯಾರ್ಥಿಗಳ ಪಾಠಕ್ಕೋ ಸಂಶೋಧನೆಗೋ ನೀನು ಒಪ್ಪಲೇಬೇಕೆಂದಿಲ್ಲ. (ಒಪ್ಪಿದರೆ ನನಗೆ ಸಂತೋಷ. ನಾವೆಲ್ಲ ಕಲಿತದ್ದು ರೋಗಿಗಳ ಮಂಚದ ಪಕ್ಕದಲ್ಲೇ.) ಆ ಘೋಷಣೆ ಕಾನೂನಲ್ಲ, ಕಾನೂನು ದೇಶದಿಂದ ದೇಶಕ್ಕೆ ಬೇರೆ. ಸೇರಿಕೊಳ್ಳುವ ದಿನವೇ "ರೋಗಿಗಳ ಹಕ್ಕುಗಳ ಪಟ್ಟಿ ಇದೆಯಾ, ದೂರು ಇದ್ದರೆ ಯಾರಿಗೆ ಹೇಳಬೇಕು" ಎಂದು ಕೇಳಿಬಿಡು.

ಈಗ ನಿನ್ನ ಕಡೆಯ ಕೆಲಸಕ್ಕೆ ಬರುತ್ತೇನೆ. ಹಕ್ಕಿನ ಮಾತು ಎಲ್ಲರಿಗೂ ಇಷ್ಟ, ಇದು ಯಾರಿಗೂ ಇಷ್ಟವಿಲ್ಲ.

ಸುಳ್ಳು ಹೇಳಬೇಡ. ಮರೆಮಾಚಲೂ ಬೇಡ. ಸಿಗರೇಟು, ಮದ್ಯ, ನಿದ್ದೆ ಮಾತ್ರೆ, ಹಳೆಯ ಕಾಯಿಲೆ, ಗರ್ಭಿಣಿ ಇರಬಹುದೇನೋ ಎಂಬ ಅನುಮಾನ, ಯಾವುದನ್ನೂ. ಮನೆಯವರ ಮುಂದೆ ಹೇಳಲು ಆಗದಿದ್ದರೆ "ಸಿಸ್ಟರ್, ಒಂದು ನಿಮಿಷ ಒಬ್ಬಳೇ ಮಾತಾಡಬೇಕು" ಅನ್ನು, ಅವರನ್ನು ಹೊರಗೆ ಕಳಿಸುವುದು ನಮಗೆ ಗೊತ್ತು. "ಅದು ಗಿಡಮೂಲಿಕೆ, ಔಷಧಿ ಅಲ್ಲ" ಎಂದು ಜನ ಬಿಟ್ಟುಬಿಡುತ್ತಾರೆ. ಗಿಂಕೊ ಮಾತ್ರೆಯಂಥವು ಆಸ್ಪಿರಿನ್ ಹಾಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲವು. ಆಪರೇಷನ್ ಟೇಬಲ್ ಮೇಲೆ ಮಲಗಿದ ಮೇಲೆ ಅದು ಡಾಕ್ಟರಿಗೆ ಗೊತ್ತಾಗುವ ಹಾಗೆ ಆಗಬಾರದು, ಮೊದಲೇ ಹೇಳು. ಅಲರ್ಜಿ ಇದ್ದರೆ ಔಷಧಿಯ ಹೆಸರಿನ ಜೊತೆಗೆ ಏನಾಯಿತು ಅಂತಲೂ ಹೇಳು. ಹೊಟ್ಟೆ ಕೆಟ್ಟಿದ್ದು ಬೇರೆ, ಮುಖ ಊದಿ ಉಸಿರು ಕಟ್ಟಿದ್ದು ಬೇರೆ.

ಉಪವಾಸದ ವಿಷಯದಲ್ಲೂ ಇದೇ ಕಟ್ಟುನಿಟ್ಟು. ಸಾಮಾನ್ಯವಾಗಿ ಗಟ್ಟಿ ಆಹಾರ 6 ಗಂಟೆ ಮೊದಲು, ನೀರು 2 ಗಂಟೆ ಮೊದಲು ನಿಲ್ಲಿಸಲು ಹೇಳುತ್ತಾರೆ. ನಿನಗೆ ಹೇಳಿದ ಹೊತ್ತನ್ನೇ ಪಾಲಿಸು. ಅರಿವಳಿಕೆಯಲ್ಲಿ ಕೆಮ್ಮುವ ಶಕ್ತಿ ಇರುವುದಿಲ್ಲ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ತಪ್ಪಿ ಏನಾದರೂ ತಿಂದಿದ್ದರೆ ಹೇಳಿಬಿಡು. ಬೈಸಿಕೊಳ್ಳುತ್ತೀಯ, ಆಪರೇಷನ್ ಮುಂದೆ ಹೋಗುತ್ತೆ, ಅಷ್ಟೇ.

ಅಲ್ಲಿ ನಿನ್ನ ಹೆಸರು, ಹುಟ್ಟಿದ ದಿನ ಎಷ್ಟು ಸಲ ಕೇಳುತ್ತಾರೋ ಲೆಕ್ಕವಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಅರಿವಳಿಕೆ ಕೊಡುವ ಮುಂಚೆ ರೋಗಿ ಯಾರು, ಯಾವ ಆಪರೇಷನ್, ಯಾವ ಜಾಗ ಎಂದು ಖಚಿತ ಮಾಡಿಕೊಳ್ಳಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಪಟ್ಟಿಯ ಮೊದಲ ಕೆಲಸ. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡ 1.5ರಿಂದ 0.8ಕ್ಕೆ ಇಳಿಯಿತು. ಯಾರಾದರೂ ಹೆಸರು ಕೇಳದೆ ಇಂಜೆಕ್ಷನ್ ಹಿಡಿದು ಬಂದರೆ ನೀನೇ ಹೆಸರು ಹೇಳು, ಇದು ಯಾವ ಔಷಧಿ ಅಂತ ಕೇಳು. ಕೈ ತೊಳೆದಿರಾ ಎಂದೂ ಕೇಳಬಹುದು. ನನ್ನನ್ನು ಕೇಳಿದವರ ಮೇಲೆ ನಾನು ಸಿಟ್ಟಾದವಳಲ್ಲ.

ಇನ್ನೊಂದು ಸಂಗತಿ ಮನಸ್ಸಿನಲ್ಲಿಟ್ಟುಕೋ. ಇಂಗ್ಲೆಂಡಿನ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೈಕಲ್ಲಿನಿಂದ ಬಿದ್ದು ಮೇದೋಜೀರಕಕ್ಕೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದಳು. ರಕ್ತಕ್ಕೆ ಸೋಂಕು ಏರಿತು. ಮಗಳು ಹದಗೆಡುತ್ತಿದ್ದಾಳೆ ಎಂದು ತಂದೆತಾಯಿ ಹೇಳಿದ್ದು ತಾಗಲಿಲ್ಲ. 2021ರಲ್ಲಿ ತೀರಿಕೊಂಡಳು. ಮೊದಲೇ ಐಸಿಯುಗೆ ಸಾಗಿಸಿದ್ದರೆ ಬಹುಶಃ ಉಳಿಯುತ್ತಿದ್ದಳು ಎಂದು ವಿಚಾರಣೆ ಹೇಳಿತು. 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಅವಳ ಹೆಸರಿನಲ್ಲೇ ನಿಯಮ ಬಂದಿದೆ. ಸ್ಥಿತಿ ಕೆಡುತ್ತಿದೆ ಅನ್ನಿಸಿದರೆ ರೋಗಿಯೋ ಮನೆಯವರೋ ಬೇರೆ ತಂಡವನ್ನು ತುರ್ತಾಗಿ ಕರೆಸಿ ನೋಡಿಸಬಹುದು. ಅಂಥ ನಿಯಮ ಇಲ್ಲದ ಕಡೆಯೂ "ನನಗೆ ನಿನ್ನೆಗಿಂತ ಜಾಸ್ತಿ ಆಗಿದೆ, ದೊಡ್ಡ ಡಾಕ್ಟರನ್ನು ಕರೆಸಿ" ಎಂದು ಹೇಳಲು ಯಾರ ಅಪ್ಪಣೆಯೂ ಬೇಡ. ರಾತ್ರಿ ಎರಡು ಗಂಟೆಯಾದರೂ ಸರಿ. ನಿನ್ನಮ್ಮನಿಗೂ ಇದನ್ನು ಓದಿಸು, ಅವಳದು ಸಂಕೋಚದ ಸ್ವಭಾವ.

ಆದರೆ ಒತ್ತಿ ಹೇಳುವುದು ಬೇರೆ, ಕೂಗಾಡುವುದು ಬೇರೆ. ಔಷಧಿ ಹಂಚುವಾಗ ಸಿಸ್ಟರನ್ನು ದಿಂಬಿಗಾಗಿ ಕರೆಯಬೇಡ. ಗಮನ ತಪ್ಪಿದರೆ ಪಕ್ಕದವರ ಮಾತ್ರೆ ನಿನಗೆ ಬರುತ್ತೆ. ನೋಡಲು ಬರುವವರ ಗುಂಪು ಬೇಡ. ಪಕ್ಕದ ಮಂಚದವರ ಫೋಟೊ ತೆಗೆಯಬೇಡ. ಬಿಲ್ಲಿನ ವಿವರ ಕೇಳು, ಸರಿ ಇದ್ದರೆ ಕಟ್ಟು.

ಡಿಸ್ಚಾರ್ಜ್ ದಿನ ಮನೆಗೆ ಓಡುವ ಆತುರದಲ್ಲಿ ಏನೂ ಕಿವಿಗೆ ಬೀಳುವುದಿಲ್ಲ. ಡಿಸ್ಚಾರ್ಜ್ ಚೀಟಿ ಹಿಡಿದು ಯಾವ ಮಾತ್ರೆ ಎಷ್ಟು ದಿನ, ಹಳೆಯ ಮಾತ್ರೆ ಮುಂದುವರಿಸಬೇಕಾ ಎಂದು ನಿನ್ನ ಮಾತಿನಲ್ಲೇ ಅವರಿಗೆ ತಿರುಗಿ ಹೇಳು. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಜ್ವರ, ಕಣ್ಣು ಹಳದಿಯಾಗುವುದು, ಏರುತ್ತಾ ಹೋಗುವ ಹೊಟ್ಟೆನೋವು, ಗಾಯದಲ್ಲಿ ಕೀವು ಕಂಡರೆ ಮುಂದಿನ ಭೇಟಿಗೆ ಕಾಯಬೇಡ. ತೆಗೆದ ಪಿತ್ತಕೋಶವನ್ನು ಸಾಮಾನ್ಯವಾಗಿ ಲ್ಯಾಬಿಗೆ ಕಳಿಸುತ್ತಾರೆ. ಆ ರಿಪೋರ್ಟ್ ಬರುವುದು ನೀನು ಮನೆ ಸೇರಿದ ಮೇಲೆ, ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ. ಯಾವ ದಿನ ಸಿಗುತ್ತೆ ಅಂತ ಹೊರಡುವ ಮುಂಚೆ ಬರೆದುಕೋ.

ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫೋಟೊ ಕಳಿಸು. ಕೇಳಬೇಕಾದ ಪ್ರಶ್ನೆಗಳನ್ನೂ ಕೆಳಗೆ ಬರೆ. ಡಾಕ್ಟರನ್ನು ಕಾಣುವ ಮುಂಚೆ ಒಮ್ಮೆ ನೋಡಿ ಹೇಳುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ