ಕಾರಿನ ಜಾಗದಲ್ಲಿ ನಿಂತ ಸೈಕಲ್

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಮೂರು ವಾರವಾಯಿತು. "ಮನೆ ಕೊಳ್ಳೋಣ ಎಂದುಕೊಂಡಿದ್ದೇನೆ. ನೀನು ಕೊಂಡವನು, ಹೇಗಿದೆ ಹೇಳು" ಎಂದು ಒಂದೇ ಸಾಲಿನಲ್ಲಿ ಕೇಳಿ ಕೈತೊಳೆದುಕೊಂಡಿದ್ದೀಯ. ಉತ್ತರವೂ ಒಂದೇ ಸಾಲಿನದಾಗಿದ್ದರೆ ಅಂದೇ ಬರೆದು ಹಾಕುತ್ತಿದ್ದೆ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಕಟ್ಟಡದಲ್ಲಿ ನನ್ನನ್ನು ಪರಿಸರವಾದಿ ಎಂದು ತಿಳಿದಿದ್ದಾರೆ. ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಸೈಕಲ್ ತಳ್ಳಿಕೊಂಡು ಹೊರಟರೆ ಇಬ್ಬರಾದರೂ ಮೆಚ್ಚುಗೆಯ ಮಾತಾಡುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ನಿಜ ಸಂಗತಿ ನಿನಗೆ ಗೊತ್ತಿರಲಿ: ಮನೆಯ ಕಂತು ಶುರುವಾದ ನಾಲ್ಕನೆಯ ತಿಂಗಳಿಗೆ ಕಾರನ್ನು ಮಾರಿದೆ. ಎರಡನ್ನೂ ಸಾಕುವ ಶಕ್ತಿ ನನ್ನ ಸಂಬಳಕ್ಕೆ ಇರಲಿಲ್ಲ. ಭೂಮಿಯ ಮೇಲಿನ ಪ್ರೀತಿ ಆಮೇಲೆ ಬಂತು, ಅದೂ ಸ್ವಲ್ಪವೇ.

ಕಾರು ಹೋಯಿತು, ಅದರ ಜಾಗ ಮಾತ್ರ ಉಳಿಯಿತು. ನೆಲಮಾಳಿಗೆಯಲ್ಲಿ ಸುಮಾರು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ, ಹಳದಿ ಗೆರೆ ಎಳೆದ ಜಾಗ. ಮನೆಯ ಜೊತೆಗೇ ಬಂದದ್ದು, ಅಂದರೆ ಸಾಲದ ಹಣದಲ್ಲೇ ಕೊಂಡದ್ದು. ಅದರ ಒಂದು ಮೂಲೆಯಲ್ಲಿ ನನ್ನ ಸೈಕಲ್ ಕಂಬಕ್ಕೆ ಒರಗಿ ನಿಂತಿರುತ್ತದೆ, ದೊಡ್ಡ ಹಜಾರದಲ್ಲಿ ಯಾರೋ ಮರೆತುಹೋದ ಕುರ್ಚಿಯ ಹಾಗೆ. ಪಕ್ಕದ ಮನೆಯವರಿಗೆ ಎರಡನೆಯ ಕಾರು ಬಂದಾಗಿನಿಂದ ಆ ಜಾಗದ ಮೇಲೆ ಅವರಿಗೆ ಕಣ್ಣು. ಬಾಡಿಗೆಗೆ ಕೊಡಿ ಎಂದು ಎರಡು ಸಲ ಕೇಳಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಾಲದ ಲೆಕ್ಕ ಹೇಳಲೇಬೇಕು, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಶೇ. 9ರ ಬಡ್ಡಿಗೆ 20 ವರ್ಷದ ಸಾಲ ಎಂದಿಟ್ಟುಕೋ. ಮೊದಲ ತಿಂಗಳ ಕಂತಿನಲ್ಲಿ ನೂರಕ್ಕೆ 83 ಪಾಲು ಬಡ್ಡಿಗೇ ಹೋಗುತ್ತದೆ, ಅಸಲಿಗೆ ಜಮೆಯಾಗುವುದು 17 ಪಾಲು. ಆರು ವರ್ಷ ಒಂದು ಕಂತೂ ತಪ್ಪದೆ ಕಟ್ಟಿದ ಮೇಲೆ ನೋಡಿದರೆ ಅಸಲಿನಲ್ಲಿ ನೂರಕ್ಕೆ 86ರಷ್ಟು ಹಾಗೆಯೇ ಕುಳಿತಿರುತ್ತದೆ. ನನ್ನ ಪಾಸ್‌ಬುಕ್ಕಿನಲ್ಲಿ ಇದನ್ನು ಕಂಡ ದಿನ ಬ್ಯಾಂಕಿನವರ ತಪ್ಪೇ ಇರಬೇಕೆಂದು ಕಾಗದ ಪೆನ್ಸಿಲ್ ಹಿಡಿದು ಕುಳಿತೆ. ತಪ್ಪಿರಲಿಲ್ಲ. ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯನ್ನು ಮೀರುವುದು ಹನ್ನೆರಡು ವರ್ಷ ಕಳೆದ ಮೇಲೆ. ಮೊದಲ ವರ್ಷದಿಂದಲೇ ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟುತ್ತಾ ಬಂದರೆ 240 ಕಂತುಗಳು ಸುಮಾರು 200ಕ್ಕೆ ಇಳಿಯುತ್ತವೆ. ಇದಿಷ್ಟನ್ನು ಸಹಿ ಹಾಕುವ ಮೊದಲು ತಿಳಿದಿದ್ದರೆ ಅಡುಗೆಮನೆಯ ಕಪಾಟುಗಳಿಗೆ ಅಷ್ಟು ಹಣ ಸುರಿಯುತ್ತಿರಲಿಲ್ಲ. ಈಗ ಆ ಕಪಾಟಿನ ಬಾಗಿಲುಗಳು ಮಳೆಗಾಲದಲ್ಲಿ ಉಬ್ಬಿ ಮುಚ್ಚುವುದೇ ಇಲ್ಲ.

ಇನ್ನು ಬಾಡಿಗೆ ಮನೆಗೂ ಸ್ವಂತ ಮನೆಗೂ ಇರುವ ವ್ಯತ್ಯಾಸ. ಬಾಡಿಗೆ ಮನೆಯಲ್ಲಿ ನಲ್ಲಿ ಸೋರಿದರೆ ಅದು ಬರೀ ಸದ್ದು. ಸ್ವಂತ ಮನೆಯಲ್ಲಿ ಅದೇ ಸದ್ದಿಗೆ ನಡುರಾತ್ರಿ ಎದ್ದು ಕೂರುತ್ತೇವೆ.

ಕಳೆದ ವರ್ಷ ಕೆಳಗಿನ ಮನೆಯ ಹಿರಿಯರು ಬಾಗಿಲು ತಟ್ಟಿ, "ಒಂದು ನಿಮಿಷ ಕೆಳಗೆ ಬನ್ನಿ" ಎಂದರು. ಹೋಗಿ ನೋಡಿದರೆ ಅವರ ಸ್ನಾನದ ಮನೆಯ ಚಾವಣಿಯಲ್ಲಿ ತಟ್ಟೆಯಗಲದ ಕಲೆ, ಅಂಚು ಹಳದಿಗಟ್ಟಿದೆ, ನಡುವೆ ಸುಣ್ಣ ಹಪ್ಪಳೆ ಎದ್ದಿದೆ. ಸರಿಯಾಗಿ ನನ್ನ ಸ್ನಾನದ ಮನೆಯ ಕೆಳಗೆ. ನಾನು ಕರೆಸಿದ ಕೆಲಸಗಾರ ಒಂದೇ ನೋಟಕ್ಕೆ, ನೆಲವನ್ನೆಲ್ಲ ಒಡೆದು ಪೈಪು ಬದಲಿಸಬೇಕು ಎಂದು ತೀರ್ಪು ಕೊಟ್ಟ. ಅವನು ಹೇಳಿದ ಮೊತ್ತ ಕೇಳಿ ನನಗೆ ಮಾತೇ ಹೊರಡಲಿಲ್ಲ.

ಆ ರಾತ್ರಿ ನೆನಪಾದದ್ದು ಸೈಕಲ್ಲಿನ ಪಂಕ್ಚರ್. ಹೊಸದರಲ್ಲಿ ಒಂದೇ ಬೆಳಿಗ್ಗೆ ಎರಡು ಸಲ ಪಂಕ್ಚರ್ ಆಗಿತ್ತು. ಟ್ಯೂಬಿಗೆ ತೇಪೆ ಹಾಕಿ ಹೊರಟವನು ಟೈರಿನ ಒಳಗೆ ಬೆರಳಾಡಿಸಿ ನೋಡಿರಲಿಲ್ಲ, ಮುಳ್ಳಿನ ಮೊನೆ ಅಲ್ಲೇ ಕುಳಿತಿತ್ತು. ಆಮೇಲೆ ಕಲಿತೆ: ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವಲ್ಲಿ ಗುರುತು ಹಾಕಬೇಕು, ವಾಲ್ವ್ ಇದ್ದ ಕಡೆಗೆ ವಾಲ್ವ್ ಬರುವಂತೆ ಟ್ಯೂಬನ್ನು ಟೈರಿನ ಪಕ್ಕ ಇಡಬೇಕು, ಆಗ ಗುರುತಿನ ಎದುರಿಗೇ ಮುಳ್ಳು ಸಿಗುತ್ತದೆ. ತೇಪೆ ಕೊನೆಯ ಕೆಲಸ.

ಮರುದಿನ ಕೆಲಸಗಾರನಿಗೆ ಎರಡು ವಾರ ತಡೆ ಎಂದೆ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ರಾತ್ರಿ ನೀರಿನ ಮೀಟರಿನ ಅಂಕಿ ಬರೆದಿಟ್ಟು ಬೆಳಿಗ್ಗೆ ನೋಡಿದೆ. ಮುಳ್ಳು ಕದಲಿರಲಿಲ್ಲ. ಅಂದರೆ ನೀರು ತರುವ ಪೈಪು ಗಟ್ಟಿಯಾಗಿದೆ. ಒಂದು ವಾರ ಆ ಸ್ನಾನದ ಮನೆಯನ್ನು ಬಳಸಲಿಲ್ಲ. ಕೆಳಗಿನ ಕಲೆಯ ತೇವ ಆರತೊಡಗಿತು. ಹಾಗಾದರೆ ದೋಷ ಇರುವುದು ನೆಲದಲ್ಲಿ. ಮಂಡಿಯೂರಿ ಟಾರ್ಚ್ ಹಿಡಿದು ಹುಡುಕಿದಾಗ, ನೀರು ಹೋಗುವ ಜಾಲರಿಯ ಸುತ್ತ ಟೈಲುಗಳ ಸಂದಿನಲ್ಲಿ ಸಿಮೆಂಟು ಉದುರಿ ಕೂದಲೆಳೆಯಷ್ಟು ಬಿರುಕು ಕಂಡಿತು. ಹಳೆಯ ಸ್ಕ್ರೂಡ್ರೈವರಿನಿಂದ ಕೆರೆದು, ಸಂದು ತುಂಬುವ ಪುಡಿಯನ್ನು ಕಲಸಿ ಒತ್ತಿ, ಎರಡು ದಿನ ಒಣಗಲು ಬಿಟ್ಟೆ. ಈ ಮಳೆಗಾಲ ಮುಗಿಯುತ್ತಾ ಬಂತು, ಕೆಳಗಿನವರು ಇನ್ನೂ ಬಾಗಿಲು ತಟ್ಟಿಲ್ಲ. ಅವರ ಚಾವಣಿಗೆ ಸುಣ್ಣ ಬಳಿಸಿದ ಖರ್ಚು ನನ್ನದೇ, ಅದು ನ್ಯಾಯ.

ದಾರಿಯ ವಿಷಯ. ಮನೆಯಿಂದ ಕಚೇರಿಗೆ ಎಂಟು ಕಿಲೋಮೀಟರ್. ಕಾರಿನಲ್ಲಿ ಕೆಲವು ದಿನ ಇಪ್ಪತ್ತು ನಿಮಿಷ, ಕೆಲವು ದಿನ ಒಂದು ಗಂಟೆ ಹಿಡಿಯುತ್ತಿತ್ತು. ಸೈಕಲ್ಲಿನಲ್ಲಿ ಎಂದೂ ಮೂವತ್ತೈದು ನಿಮಿಷ. ಬೇಗ ಮುಟ್ಟುತ್ತೇನೆ ಎಂಬುದಕ್ಕಿಂತ ಯಾವಾಗ ಮುಟ್ಟುತ್ತೇನೆಂದು ಗೊತ್ತಿರುವುದೇ ದೊಡ್ಡ ನೆಮ್ಮದಿ. ಹೆದರಿಕೆ ಇಲ್ಲವೇ ಎಂದು ಕೇಳುತ್ತೀಯ. ಇದೆ. ಹಿಂದಿನಿಂದ ಬರುವ ಬಸ್ಸಿಗಿಂತ ಪಕ್ಕದಲ್ಲಿ ನಿಂತ ಕಾರಿನ ಬಾಗಿಲಿಗೆ ಹೆಚ್ಚು ಹೆದರುತ್ತೇನೆ. ಒಳಗಿರುವವರು ಕನ್ನಡಿ ನೋಡದೆ ಬಾಗಿಲು ತೆರೆಯುತ್ತಾರೆ. ಒಮ್ಮೆ ಹಾಗೆ ಬಿದ್ದು ಮೊಣಕೈ ತರಚಿಕೊಂಡ ಮೇಲೆ ನಿಂತ ಕಾರುಗಳಿಂದ ಒಂದು ಮೀಟರಿಗೂ ಹೆಚ್ಚು ದೂರ ಬಿಟ್ಟೇ ಹೋಗುತ್ತೇನೆ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ. ನೀನು ಕಾರಿನಲ್ಲಿ ಕೂತಾಗಲೂ ಒಂದು ಕೆಲಸ ಮಾಡು, ಬಾಗಿಲನ್ನು ಅದರಿಂದ ದೂರವಿರುವ ಕೈಯಿಂದ ತೆರೆ. ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ.

ಈಗ ಆ ಜಾಗದ ವಿಷಯ. ಪಕ್ಕದ ಮನೆಯವರ ಬಾಡಿಗೆ ಬಂದರೆ ವರ್ಷಕ್ಕೊಂದು ಹೆಚ್ಚಿನ ಕಂತಿಗೆ ಆಸರೆಯಾಗುತ್ತದೆ. ಒಪ್ಪಿಕೊಳ್ಳುವವನೇ ಇದ್ದೆ. ಅಷ್ಟರಲ್ಲಿ ಒಂದು ಭಾನುವಾರ ನಾಲ್ಕನೆಯ ಮಹಡಿಯ ಹುಡುಗಿಯೊಬ್ಬಳು ಚೈನು ಕಳಚಿದ ಸೈಕಲ್ ತಳ್ಳಿಕೊಂಡು ಬಂದಳು. ಕೂರಿಸಿಕೊಟ್ಟೆ. ಮುಂದಿನ ವಾರ ಮೂವರು ಬಂದರು. ಈಗ ಭಾನುವಾರ ಬೆಳಿಗ್ಗೆ ಹಳದಿ ಗೆರೆಯೊಳಗೆ ಏಳೆಂಟು ಸೈಕಲ್‌ಗಳು ತಲೆಕೆಳಗಾಗಿ ನಿಂತಿರುತ್ತವೆ, ನಡುವೆ ಎಣ್ಣೆ ಡಬ್ಬಿ, ಹಳೆ ಬನಿಯನ್ ಚಿಂದಿ, ಒಂದು ಬಕೆಟ್ ನೀರು. ಚೈನಿನ ಉದ್ದ ಅಳೆಯುವುದನ್ನೂ ಕಲಿಸಿದ್ದೇನೆ: ಪಿನ್ನಿನಿಂದ ಪಿನ್ನಿಗೆ ಇಪ್ಪತ್ತನಾಲ್ಕು ಕೊಂಡಿಗಳು ಹೊಸದರಲ್ಲಿ ಸರಿಯಾಗಿ ಹನ್ನೆರಡು ಅಂಗುಲ ಇರುತ್ತವೆ, ಅದಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗ ಹೆಚ್ಚಾಯಿತೆಂದರೆ ಬದಲಿಸುವ ಹೊತ್ತು ಮೀರಿತು ಎಂದೇ ಅರ್ಥ. ಆ ಹುಡುಗಿ ಈಗ ಸ್ಕೇಲ್ ಹಿಡಿದು ಎಲ್ಲರ ಚೈನನ್ನೂ ತಪಾಸಣೆ ಮಾಡುತ್ತಾಳೆ. ನನ್ನದು ನಪಾಸಾಯಿತು.

ಪಕ್ಕದ ಮನೆಯವರಿಗೆ ಇನ್ನೂ ಆಗುವುದಿಲ್ಲ ಎಂದು ಹೇಳಿಲ್ಲ. ಅವರ ಮಗನೂ ಭಾನುವಾರ ಬಕೆಟ್ಟಿನ ಮುಂದೆ ಕೂರುತ್ತಾನೆ, ಆದ್ದರಿಂದ ಅವರೇ ಕೇಳುವುದನ್ನು ನಿಲ್ಲಿಸಿದ್ದಾರೆ.

ಸಹಿ ಹಾಕುವ ಮೊದಲು ಒಮ್ಮೆ ಬಾ. ಬ್ಯಾಂಕಿನವರು ಕೊಟ್ಟ ಕಂತಿನ ಪಟ್ಟಿಯನ್ನು ತಪ್ಪದೆ ತಾ, ಬಡ್ಡಿಯ ಕಾಲಮ್ಮನ್ನು ಇಬ್ಬರೂ ಕೂತು ಕೊನೆಯವರೆಗೂ ಓದೋಣ. ನನ್ನ ಹಳೆಯ ಸೈಕಲ್ ಇನ್ನೂ ಇದೆ. ನೀನು ನನಗಿಂತ ಗೇಣುದ್ದ ಹೆಚ್ಚು, ಸೀಟು ಏರಿಸಿ ಇಟ್ಟಿರುತ್ತೇನೆ.

ನಿನ್ನ,
ಗೆಳೆಯ