ಗೇಟಿಗೆ ನಿಲ್ಲುವ ಮೊದಲು: ಅಳಿಯನಿಗೊಂದು ಪತ್ರ

ಪೀಣ್ಯ, ಬೆಂಗಳೂರು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನೀನು ಸೆಕ್ಯುರಿಟಿ ಕೆಲಸಕ್ಕೆ ಸೇರಬೇಕೆಂದಿರುವುದನ್ನೂ, ಅರಸೀಕೆರೆಗೆ ಬಂದಿದ್ದ ಏಜೆಂಟನೊಬ್ಬ ‘ತರಬೇತಿ ಗಿರಬೇತಿ ಏನೂ ಬೇಡ, ಸೋಮವಾರವೇ ಯೂನಿಫಾರ್ಮ್ ಹಾಕಿಕೊಂಡು ಗೇಟಿಗೆ ನಿಲ್ಲು, ಸರ್ಟಿಫಿಕೇಟನ್ನು ನಾವೇ ಬರೆದುಕೊಳ್ಳುತ್ತೇವೆ’ ಎಂದಿರುವುದನ್ನೂ ಅಕ್ಕ ಫೋನಿನಲ್ಲಿ ತಿಳಿಸಿದಳು. ಕೆಲಸಕ್ಕೆ ನನ್ನ ಅಡ್ಡಿಯಿಲ್ಲ. ಆ ಸೋಮವಾರಕ್ಕೆ ಅಡ್ಡಿಯಿದೆ.

ನಮ್ಮವರು ‘ಪಸಾರಾ’ ಎನ್ನುವ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯ ಪ್ರಕಾರ ಲೈಸೆನ್ಸ್ ಪಡೆಯಬೇಕಾದದ್ದು ಏಜೆನ್ಸಿಯೇ ಹೊರತು ಗಾರ್ಡ್ ಅಲ್ಲ. ಹೀಗಿರುವುದರಿಂದಲೇ, ಗಾರ್ಡಿಗೆ ಕಾನೂನಿನ ಗೊಡವೆಯೇ ಇಲ್ಲವೆಂದು ಹುಡುಗರನ್ನು ನಂಬಿಸುವುದು ಸುಲಭವಾಗಿದೆ. ಆದರೆ ಅದೇ ಕಾಯ್ದೆಯ 10ನೇ ಕಲಮು, 18 ವರ್ಷ ತುಂಬಿದ, 65 ಇನ್ನೂ ತುಂಬದ, ನಡತೆಯ ಪರಿಶೀಲನೆ ಮುಗಿದ, ನಿಗದಿತ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದ ವ್ಯಕ್ತಿಯನ್ನಲ್ಲದೆ ಬೇರೆಯವರನ್ನು ಗಾರ್ಡ್ ಆಗಿ ನೇಮಿಸಕೂಡದೆನ್ನುತ್ತದೆ. ಐದು ವರ್ಷದ ಅವಧಿಯ ಆ ಲೈಸೆನ್ಸನ್ನು ಏಜೆನ್ಸಿ ತನ್ನ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಒಳಗೆ ಕಾಲಿಟ್ಟೊಡನೆ ಗೋಡೆಯ ಮೇಲೆ ಅದನ್ನು ಹುಡುಕು; ದೇವರ ಪಟ ಮಾತ್ರ ಕಂಡರೆ ಕೈಮುಗಿದು ಹೊರಗೆ ಬಾ.

ಕೇಂದ್ರದ ಮಾದರಿ ನಿಯಮಗಳಲ್ಲಿ ಹೊಸಬರಿಗೆ ಕನಿಷ್ಠ 100 ಗಂಟೆ ತರಗತಿಯ ಪಾಠ ಮತ್ತು 60 ಗಂಟೆ ಕ್ಷೇತ್ರ ತರಬೇತಿಯನ್ನು, ಕಡಿಮೆಯೆಂದರೂ 20 ಕೆಲಸದ ದಿನಗಳಲ್ಲಿ ಹಂಚಿ ಕೊಡಬೇಕೆಂದಿದೆ. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಜನಸಂದಣಿಯ ನಿಯಂತ್ರಣ, ಗುರುತಿನ ಚೀಟಿಗಳ ಪರೀಕ್ಷೆ, ಸಂಶಯ ಹುಟ್ಟಿಸುವ ಸ್ಫೋಟಕ ವಸ್ತುಗಳನ್ನು ಗುರುತಿಸುವುದು ಎಲ್ಲವೂ ಅದರಲ್ಲಿವೆ. ಬಂದೂಕಿನ ತರಬೇತಿ ಐಚ್ಛಿಕ. ನಿನಗೆ ಅದರ ಅಗತ್ಯವಿಲ್ಲ. ಹುಡುಗರು ತೂಕಡಿಸುವುದು ಕಾನೂನಿನ ತರಗತಿಯಲ್ಲಿ. ನಾನಂತೂ ಅಲ್ಲಿ ಕುಳಿತೇ ಇರಲಿಲ್ಲ.

ಸೇನೆಯಿಂದ ನಿವೃತ್ತನಾಗಿ ಬಂದ ನನ್ನಂಥವರಿಗೆ 40 ಗಂಟೆ ಪಾಠ ಹಾಗೂ 16 ಗಂಟೆ ಕ್ಷೇತ್ರ ತರಬೇತಿಯ ಚಿಕ್ಕ ಕೋರ್ಸ್ ಇದ್ದರೂ, ಗಡಿ ಕಾದವನಿಗೆ ಗೇಟು ಕಾಯುವ ಪಾಠವೇ ಎಂಬ ಜಂಬದಿಂದ ನಾನು ಅದನ್ನು ತಪ್ಪಿಸಿಕೊಂಡೆ, ಏಜೆನ್ಸಿಯೂ ಒತ್ತಾಯಿಸಲಿಲ್ಲ. ಎರಡನೆಯ ತಿಂಗಳಲ್ಲಿ, ಕಾರ್ಖಾನೆಯೊಂದರ ಹಿತ್ತಲಲ್ಲಿ ತಾಮ್ರದ ತಂತಿಯ ಸುರುಳಿಯೊಂದಿಗೆ ಸಿಕ್ಕಿಬಿದ್ದ ಹುಡುಗನನ್ನು, ಬೆಳಿಗ್ಗೆ ಮ್ಯಾನೇಜರ್ ಬರಲೆಂದು ಇಡೀ ರಾತ್ರಿ ಗಾರ್ಡ್ ರೂಮಿನಲ್ಲಿ ಕೂಡಿಹಾಕಿದೆ. ಕಳ್ಳತನದ ಮಾತು ಹಾಗಿರಲಿ, ಅವನನ್ನು ರಾತ್ರಿಯಿಡೀ ಕೂಡಿಹಾಕಲು ನಿನಗೆ ಅಧಿಕಾರ ಕೊಟ್ಟವರು ಯಾರೆಂದು ಪೊಲೀಸರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅದು ಗಾರ್ಡ್ ತಾನಾಗಿ ಮಾಡಿದ ಕೆಲಸವೆಂದು ಏಜೆನ್ಸಿ ಕೈತೊಳೆದುಕೊಂಡಿತು. ಠಾಣೆಯ ಮೆಟ್ಟಿಲು ನಾಲ್ಕು ಬಾರಿ ಹತ್ತಿದೆ. ಜಾಮೀನು ಹಕ್ಕಾಗಿ ಸಿಗದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ ಕಣ್ಣೆದುರೇ ನಡೆದರೆ ಸಾಮಾನ್ಯ ಪ್ರಜೆಯೂ ಹಿಡಿಯಬಹುದು, ಆದರೆ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು ಎಂಬುದು ಅಂದೂ ಕಾನೂನಾಗಿತ್ತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು ಅದಕ್ಕೆ ಆರು ಗಂಟೆಯ ಗಡುವನ್ನೂ ಹಾಕಿದೆ. ನಮಗಿರುವುದು ಊರಿನ ಯಾವ ಪ್ರಜೆಗೂ ಇರುವಷ್ಟೇ ಹಕ್ಕು. ಖಾಕಿಯಂಥ ಬಟ್ಟೆ ತೊಟ್ಟವನಿಗೆ ಇದು ಮರೆತುಹೋಗುವುದು ಬಹಳ ಬೇಗ; ಪೊಲೀಸರ ಅಥವಾ ಸೇನೆಯ ಸಮವಸ್ತ್ರವನ್ನೇ ಹೋಲುವ ಉಡುಪು ತೊಡುವುದೂ ಶಿಕ್ಷಾರ್ಹವೆಂಬುದು ಗೊತ್ತಿರಲಿ.

ಇನ್ನು ದೇಹದ ವಿಚಾರ. ಗಂಡಸರಿಗೆ 160 ಸೆಂಟಿಮೀಟರ್ ಎತ್ತರವಿರಬೇಕು, ನಿನಗೆ ಅದು ಧಾರಾಳವಾಗಿದೆ. ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು. ಹಬ್ಬಕ್ಕೆ ಬಂದಾಗ ನಿನ್ನ ಹೊಟ್ಟೆ ನೋಡಿದ್ದೇನೆ, ನಾಳೆಯಿಂದಲೇ ಕೆರೆ ಏರಿಯ ಮೇಲೆ ಓಡಲು ಶುರುಮಾಡು. ಬಣ್ಣಗುರುಡು ಇರಬಾರದು, ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಓದಲು ಬರಬೇಕು.

ತರಬೇತಿ ಮುಗಿದ ಮೇಲೆ ಸರ್ಟಿಫಿಕೇಟಿನ ಮೂಲ ಪ್ರತಿಯನ್ನು ಯಾರ ಬಳಿಯೂ ಒತ್ತೆ ಇಡಬೇಡ, ಜೆರಾಕ್ಸ್ ಮಾತ್ರ ಕೊಡು. ಏಜೆನ್ಸಿ ಕೊಡುವ ಫೋಟೊ ಗುರುತಿನ ಚೀಟಿ ಡ್ಯೂಟಿಯ ವೇಳೆ ಸದಾ ಮೈಮೇಲಿರಲಿ. ಪಿಎಫ್ ಮತ್ತು ಇಎಸ್‌ಐ ಸಂಖ್ಯೆಯನ್ನು ಮೊದಲ ತಿಂಗಳಲ್ಲೇ ಕೇಳಿ ಪಡೆ; ಸಂಬಳದಲ್ಲಿ ಹಿಡಿದದ್ದು ನಿನ್ನ ಖಾತೆಗೆ ಬಿದ್ದಿದೆಯೇ ಎಂದು ನೀನೇ ನೋಡಿಕೋ.

ಆ 20 ದಿನ ಸಂಬಳವಿಲ್ಲದೆ ಹೇಗೆಂದು ಅಕ್ಕ ಚಿಂತಿಸುತ್ತಿದ್ದಾಳೆ. ಊಟ, ವಸತಿ ನಮ್ಮ ಮನೆಯಲ್ಲೇ. ಬಸ್ ಪಾಸಿನ ಹಣ ನಾನು ಕೊಡುತ್ತೇನೆ. ಬರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ನಾಲ್ಕು ಫೋಟೊ, ಲೇಸ್ ಕಟ್ಟುವ ಕಪ್ಪು ಬೂಟು ತೆಗೆದುಕೊಂಡು ಬಾ. ಬೂಟು ಹೊಸದಾಗಿದ್ದರೆ ಊರಲ್ಲೇ ನಾಲ್ಕು ದಿನ ಹಾಕಿ ಪಳಗಿಸಿಕೋ.

ಇಂತಿ ನಿನ್ನ ಮಾವ